ನೈಸ್ ಎಂಬ ಮಾತೂ ಈರಜ್ಜಿಯ ಕಂಬಳಿಯೂ

ಮೊನ್ನೆ ಪರಿಚಿತರೊಬ್ಬರ ತಂದೆಯ ತಿಥಿ ಊಟಕ್ಕೆ ಹೋಗಿದ್ದೆ. ವಡೆ, ಪಾಯಸ ಮುಗಿಸಿ, ಬಾಯಿಗೆ ಅಡಿಕೆ ಹಾಕಿಕೊಂಡು ಹೊರಬಂದ ಮಹಾಶಯರೊಬ್ಬರು ಸತ್ತವರ ಮಗನ ಕೈ ಕುಲುಕಿ, "ಎಲ್ಲಾ ತುಂಬಾ ನೈಸಾಗಿತ್ತು ಕಣ್ರಿ" ಎಂದರು. ತಲೆ ಬೋಳಿಸಿಕೊಂಡು ನಿಂತಿದ್ದ ಆ ಮಗ "ಥ್ಯಾಂಕ್ಸ್" ಎಂದ. ಪಾಯಸ ನೈಸಾಗಿತ್ತೋ, ಅಪ್ಪ ಸತ್ತದ್ದು ನೈಸಾಗಿತ್ತೋ ಅಂತ ನಾನು ಕೇಳಲು ಹೋಗಲಿಲ್ಲ. ಕೇಳಿದ್ದರೆ ಆ ಮಹಾಶಯರು ನನಗೂ ಕೈ ಕುಲುಕಿ "ನೈಸ್ ಮೀಟಿಂಗ್ ಯು" ಎಂದಿರುತ್ತಿದ್ದರು.

ನನಗೆ ಈ ಪದದ ಮೇಲೆ ಹಳೆಯ ಹಗೆ. ಇಂಗ್ಲಿಷಿನಲ್ಲಿ ಎಷ್ಟೋ ಪದಗಳಿವೆ, ಅವುಗಳ ಪಾಡಿಗೆ ಅವು ಇರುತ್ತವೆ. ಬಸ್ಸು ಎಂದರೆ ಬಸ್ಸು, ಲೈಟು ಎಂದರೆ ಲೈಟು. ಈ ನೈಸ್ ಹಾಗಲ್ಲ. ಇದು ಕೆಲಸ ಮಾಡದೆ ಸಂಬಳ ತೆಗೆದುಕೊಳ್ಳುವ ಜಾತಿಯದು. ಹುಟ್ಟಿದ ಮಗುವಿಗೂ ನೈಸ್, ಕಟ್ಟಿದ ಮನೆಗೂ ನೈಸ್, ಕೇಳದೇ ಇದ್ದ ಭಾಷಣಕ್ಕೂ ನೈಸ್. ನೋಡದವನೂ ಹೇಳಬಹುದು, ತಿಳಿಯದವನೂ ಹೇಳಬಹುದು. ಹೇಳಿದ ಮೇಲೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ.

ನಮ್ಮ ಜನ ಜಾಣರು, ನಿಜ. ಇಂಥ ಕೆಲಸಗೇಡಿ ಪದವನ್ನೂ ಹಿಡಿದು ತಂದು ಮನೆಗೆಲಸಕ್ಕೆ ಹಚ್ಚಿದ್ದಾರೆ. ದೋಸೆ ಹಿಟ್ಟನ್ನು ನೈಸಾಗಿ ರುಬ್ಬಬೇಕು, ತರಿತರಿಯಾದರೆ ಅತ್ತೆ ಸುಮ್ಮನಿರುವುದಿಲ್ಲ. ಗೋಡೆಗೆ ಗಾರೆ ನೈಸಾಗಿ ಕೂರಬೇಕು. ಸಾಲ ಕೇಳಲು ಬಂದವನು ಮೊದಲು ನೈಸ್ ಮಾಡುತ್ತಾನೆ, ವಾಪಸ್ ಕೊಡುವ ಹೊತ್ತಿಗೆ ನೈಸಾಗಿ ಜಾರಿಕೊಳ್ಳುತ್ತಾನೆ. ಇಷ್ಟರಲ್ಲಿ ನುಣುಪೂ ಬಂತು, ಪುಸಲಾಯಿಸುವುದೂ ಬಂತು, ಮೋಸವೂ ಬಂತು. ಇಂಗ್ಲಿಷಿನವರು ಇದನ್ನು ಇಷ್ಟು ದುಡಿಸಿಕೊಂಡಿದ್ದಾರೋ ಇಲ್ಲವೋ ಅಂತ ಚಿತ್ರದುರ್ಗದ ಕಾಲೇಜಿನ ಲೈಬ್ರರಿಯಲ್ಲಿ ಒಮ್ಮೆ ದೊಡ್ಡ ನಿಘಂಟು ತೆಗೆದು ನೋಡಿದ್ದೆ. ಎರಡು ಕೈಯಲ್ಲಿ ಎತ್ತಿ ಮೇಜಿನ ಮೇಲಿಡಬೇಕಾದ ಪುಸ್ತಕ, ಲೈಬ್ರರಿಯ ಜವಾನ ನಾನು ಅದನ್ನು ಕದ್ದೊಯ್ಯುತ್ತೇನೆ ಅನ್ನುವ ಹಾಗೆ ಪಕ್ಕದಲ್ಲೇ ನಿಂತಿದ್ದ.

ಅದರಲ್ಲಿದ್ದ ವಂಶಾವಳಿ ಓದಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇದರ ಮೂಲ ಲ್ಯಾಟಿನ್ನಂತೆ. ಅಲ್ಲಿ ಇದಕ್ಕೆ 'ಏನೂ ತಿಳಿಯದವನು' ಅಂತ ಅರ್ಥವಂತೆ. ಫ್ರಾನ್ಸಿನ ದಾರಿ ಹಿಡಿದು ಇಂಗ್ಲೆಂಡಿಗೆ ಬರುವ ಹೊತ್ತಿಗೆ ಪೆದ್ದ ಅಂತಾಯಿತು. ಅಲ್ಲಿ ಕೆಲವು ಕಾಲ ನಾಚಿಕೆ ಸ್ವಭಾವದವನಾಗಿ, ಆಮೇಲೆ ಎಲ್ಲದರಲ್ಲೂ ತಪ್ಪು ಹುಡುಕುವ ಮಡಿವಂತನಾಗಿ, ಸೂಕ್ಷ್ಮ ಅಂತಾಗಿ, ಕಡೆಗೆ ಚೆನ್ನಾಗಿದೆ ಅಂತ ಬಂದು ಕೂತಿತು. ಪೆದ್ದನೊಬ್ಬ ನೂರಾರು ವರ್ಷ ಒಂದೇ ಊರಿನಲ್ಲಿದ್ದು, ಬಟ್ಟೆ ಬದಲಿಸುತ್ತಾ ಬದಲಿಸುತ್ತಾ ದೊಡ್ಡ ಮನುಷ್ಯನಾದ ಕಥೆ. ನಮ್ಮ ಕಡೆಯೂ ಇಂಥವರು ತಾಲ್ಲೂಕಿಗೆ ಹತ್ತು ಮಂದಿ ಸಿಗುತ್ತಾರೆ.

ಆ ನಿಘಂಟು ತೆಗೆಯುವ ಹಾಗೆ ಮಾಡಿದವರು ನಮ್ಮ ಇಂಗ್ಲಿಷ್ ಮೇಷ್ಟ್ರು. ಎಪ್ಪತ್ತರ ದಶಕದ ಮಾತು. ಮೈಸೂರಿನ ಕಡೆಯಿಂದ ಬಂದಿದ್ದರು. ಇಸ್ತ್ರಿ ಮುರಿಯದ ಟೆರಿಲಿನ್ ಪ್ಯಾಂಟು, ಅಂಗಿಯ ಜೇಬಿನಲ್ಲಿ ಎರಡು ಪೆನ್ನು. ನಾವು ಅವರಿಗೆ ನೈಸ್ ಸಾರ್ ಅಂತಲೇ ಹೆಸರಿಟ್ಟಿದ್ದೆವು, ಅವರು ಪಾಠದಲ್ಲಿ ಹೇಳಿದ್ದು ಹೆಚ್ಚಾಗಿ ಅದೊಂದೇ ಮಾತು. ಒಮ್ಮೆ ನಮ್ಮನ್ನೆಲ್ಲ ಚಂದ್ರವಳ್ಳಿಗೆ ಕರೆದುಕೊಂಡು ಹೋದರು. ಎಷ್ಟೋ ಶತಮಾನದ ಮಡಕೆ ಚೂರು ಮಣ್ಣಿನಲ್ಲಿ ಸಿಕ್ಕ ಜಾಗ, ಕಲ್ಲೊಳಗೆ ಕತ್ತಲೆ ತುಂಬಿಕೊಂಡ ಗುಹೆಗಳು. ಮೇಷ್ಟ್ರು ಏನಾದರೂ ಹೇಳಿಯಾರು ಅಂತ ನಾವೆಲ್ಲ ಬಾಯಿ ನೋಡಿಕೊಂಡು ನಿಂತೆವು. ಅವರು ಕರ್ಚೀಫಿನಿಂದ ಕತ್ತು ಒರೆಸಿಕೊಂಡು "ನೈಸ್ ಪ್ಲೇಸ್" ಎಂದರು. ಹತ್ತು ನಿಮಿಷ ಬಿಟ್ಟು ಪೂರಿ ತಿನ್ನುತ್ತಾ "ನೈಸ್ ಪೂರಿ" ಎಂದರು. ಬಂಡೆ ಇಳಿಯುವಾಗ ನಮ್ಮಲ್ಲೊಬ್ಬ ಕಾಲು ಉಳುಕಿಸಿಕೊಂಡ. ಅವನನ್ನು ಹೆಗಲ ಮೇಲೆ ಹಾಕಿಕೊಂಡು ರಸ್ತೆಯವರೆಗೂ ತಂದ ನಮಗೆ "ನೈಸ್ ಬಾಯ್ಸ್" ಎಂದರು. ತಾವು ಮಾತ್ರ ಕೈ ಹಾಕಲಿಲ್ಲ, ಪ್ಯಾಂಟಿನ ಗೆರೆ ಮುರಿದೀತು ಅಂತ ಇರಬೇಕು.

ಈಗ ಹೀಗೆ ಹಂಗಿಸುತ್ತೇನೆ. ಆಗ? ಆಗ ಅವರ ಹಿಂದೆ ಹಿಂದೆ ಸುತ್ತುತ್ತಿದ್ದವರಲ್ಲಿ ನಾನೇ ಮೊದಲಿಗ. ಕುರಿ ಮೇಯಿಸುವ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವನು, ಬಾಯಿಗೆ ಬಂದ ಒಂದೇ ಇಂಗ್ಲಿಷ್ ಪದವನ್ನು ಬಿಟ್ಟುಕೊಡುತ್ತೇನೆಯೇ? ರಜಕ್ಕೆ ಊರಿಗೆ ಹೋದಾಗ ಅಕ್ಕ ಗೌರಮ್ಮ ಬಡಿಸಿದ ಮುದ್ದೆಗೂ "ನೈಸ್" ಎಂದೆ. ಅವಳು ನನ್ನ ಮುಖವನ್ನೇ ನೋಡಿ, "ಬೆಂದೈತೋ ಇಲ್ವೋ ಅಷ್ಟು ಹೇಳಪ್ಪ" ಎಂದಳು. ಹಳ್ಳಿ ಗುಗ್ಗು, ಇವಳಿಗೇನು ತಿಳಿಯುತ್ತದೆ ಅಂದುಕೊಂಡೆ. ತಿಳಿಯದವನು ಯಾರು ಅಂತ ಆರು ತಿಂಗಳಿಗೆಲ್ಲ ಗೊತ್ತಾಯಿತು.

ನಮ್ಮೂರು ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರಕ್ಕೆ ಎರಡು ಮೈಲಿ. ಮನೆಯಲ್ಲಿ ಅಪ್ಪ, ಅವ್ವ, ಅಕ್ಕ, ಅಪ್ಪನ ತಾಯಿ ಈರಜ್ಜಿ. ನಮ್ಮ ಕಡೆ ತುಪ್ಪಟ ಎಂದರೆ ಕುರಿಯ ಮೈಯ ಉಣ್ಣೆ. ಗಂಡಸರು ಕತ್ತರಿಸುತ್ತಾರೆ, ಹೆಂಗಸರು ರಾಟೆಯಲ್ಲಿ ನೂಲುತ್ತಾರೆ, ಮಗ್ಗದವರು ಕಂಬಳಿ ನೇಯುತ್ತಾರೆ. ಈರಜ್ಜಿಯ ನೂಲು ಎಂದರೆ ಸುತ್ತಲ ಹಳ್ಳಿಗಳಲ್ಲಿ ಒಂದು ಹೆಸರು. ಎಳೆ ಒಂದೇ ಸಮ, ಗಂಟಿಲ್ಲ, ಎಳೆದರೆ ಹರಿಯುವುದಿಲ್ಲ. ಅಜ್ಜಿಗೆ ಬೇರೆ ಆಸ್ತಿ ಇರಲಿಲ್ಲ. ಓಲೆ ಇರಲಿಲ್ಲ, ಹೊಲ ಅವಳ ಹೆಸರಿನಲ್ಲಿರಲಿಲ್ಲ. ಆ ಹೆಸರೊಂದಿತ್ತು.

ನಮ್ಮ ಮದುವೆಗಳಲ್ಲಿ ಹೆಣ್ಣುಗಂಡುಗಳನ್ನು ಕರಿಕಂಬಳಿಯ ಗದ್ದಿಗೆಯ ಮೇಲೆ ಕೂರಿಸುತ್ತಾರೆ. ಚಾಪೆ, ಜಮಖಾನ, ಮಣೆ ಯಾವುದೂ ನಡೆಯುವುದಿಲ್ಲ. ಆ ಕಂಬಳಿ ಹೊಸದಿರಬೇಕು, ನೀರು ಕಂಡಿರಬಾರದು, ಹೆಣ್ಣಿನ ಮನೆಯ ಹಿರಿಯಳು ತನ್ನ ಕೈಯಲ್ಲಿ ನೂತದ್ದಾಗಿರಬೇಕು. ಪಕ್ಕದ ಮನೆಯಿಂದ ಕಂಬಳಿ ತಂದು ಹಾಸಿದರೆ ಮದುವೆ ನಿಲ್ಲುವುದಿಲ್ಲ. ಆದರೆ ಆ ಮನೆಯಲ್ಲಿ ನೂಲುವ ಕೈ ಇರಲಿಲ್ಲ ಅಂತ ಬೀಗರು ಮೊಮ್ಮಕ್ಕಳ ಕಾಲದವರೆಗೂ ಆಡುತ್ತಾರೆ. ಅಕ್ಕನಿಗೆ ಹಿರಿಯೂರಿನ ಕಡೆಯ ಪ್ರೈಮರಿ ಶಾಲೆ ಮೇಷ್ಟ್ರೊಬ್ಬರು ಗೊತ್ತಾದಾಗ ಅಜ್ಜಿಯ ಎರಡು ಕಣ್ಣಿಗೂ ಪೊರೆ ಬಂದಿತ್ತು. ಆದರೂ ಬೆರಳ ಗುರುತಿನಿಂದಲೇ ಒಂದು ಮಳೆಗಾಲ, ಒಂದು ಚಳಿಗಾಲ ಕೂತು ನೂತಳು. "ಇದೇ ಕಡೇದು. ಇನ್ನು ಕೈ ಏಳಾಕಿಲ್ಲ" ಎಂದು ರಾಟೆಯನ್ನು ಅಟ್ಟಕ್ಕೆ ಹಾಕಿಸಿದಳು. ನೂಲನ್ನು ತಾಳ್ಯದಲ್ಲಿ ಮಗ್ಗ ಇಟ್ಟಿದ್ದ ನಮ್ಮ ಸೋದರಮಾವನಿಗೆ ಕಳಿಸಿದರು.

ಮಾವ ನೇಯ್ದು ಮುಗಿಸಿ, ಚಿತ್ರದುರ್ಗಕ್ಕೆ ಏನೋ ಕೆಲಸಕ್ಕೆ ಬಂದವನು ಹಾಸ್ಟೆಲಿಗೇ ತಂದುಕೊಟ್ಟ. "ಹೆಂಗೂ ಹದಿನೈದು ದಿನಕ್ಕೆ ಊರಿಗೆ ಹೋತೀಯಲ್ಲ, ತಗಂಡ್ ಹೋಗಪ್ಪ. ಟ್ರಂಕಿನಾಗೆ ಹಾಕಿ ಸುಮ್ಕೆ ಇಟ್ಟಿರು" ಎಂದ. ಸುಮ್ಮನೆ ಇಟ್ಟಿರುವುದು ನನ್ನಿಂದಾದೀತೇ? ನಾನು ಆಗಲೇ ನೈಸ್ ಸಾರನ್ನು ಮದುವೆಗೆ ಕರೆದಾಗಿತ್ತು. ಅವರು "ಓ, ವಿಲೇಜ್ ಮ್ಯಾರೇಜ್, ನೈಸ್" ಎಂದಿದ್ದರು. ಬರುತ್ತೇನೆ ಅಂತ ಅವರು ಹೇಳಲಿಲ್ಲ, ಅದು ಆಗ ನನ್ನ ಗಮನಕ್ಕೇ ಬರಲಿಲ್ಲ.

ಹೊಸ ಕಂಬಳಿಯನ್ನು ನೀವು ಮುಟ್ಟಿ ನೋಡಿದ್ದೀರೋ ಇಲ್ಲವೋ. ನೇಯುವ ಮುಂಚೆ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿರುತ್ತಾರೆ. ಅದಕ್ಕೇ ಹಲಗೆಯಂತೆ ಸೆಟೆದಿರುತ್ತದೆ, ಚುಚ್ಚುತ್ತದೆ, ಹುಳಿವಾಸನೆ, ಕುರಿವಾಸನೆ ಎರಡೂ ಹೊಡೆಯುತ್ತದೆ. ನನ್ನ ಕೋಣೆಯಲ್ಲಿದ್ದ ಹಿರಿಯೂರಿನ ಗೆಳೆಯ ವಿಶ್ವ ಅದರ ಮೇಲೆ ಕೈಯಾಡಿಸಿ, "ಇದರ ಮ್ಯಾಲೆ ಕುಂದ್ರಿಸ್ತೀರೇನ್ಲೇ? ಮದುಮಗಳು ಕೆರ್ಕೊಂಡು ಕೆರ್ಕೊಂಡು ಸಾಯ್ತಾಳೆ. ನಿಮ್ ನೈಸ್ ಸಾರ್ ಬಂದ್ ನೋಡಿದ್ರೆ ಏನಂತಾರೆ?" ಎಂದು ನಕ್ಕ. ಅಷ್ಟು ಸಾಕಾಯಿತು. ಕಂಬಳಿಯನ್ನು ನೈಸ್ ಮಾಡಿಯೇ ಊರಿಗೆ ಒಯ್ಯಬೇಕು ಅಂತ ತೀರ್ಮಾನಿಸಿದೆ.

ಭಾನುವಾರ ಬೆಳಿಗ್ಗೆ ಹಾಸ್ಟೆಲಿನ ಬಚ್ಚಲ ಹಂಡೆಯಲ್ಲಿ ನೀರು ಕಾಯಿಸಿದೆ. ಸ್ವಲ್ಪ ಬೆಚ್ಚಗಲ್ಲ, ಕುದಿಯುವ ನೀರು. ಸೋಪಿನ ಪುಡಿ ಹಾಕಿದೆ, ಸಾಲದು ಅಂತ ವಾಷಿಂಗ್ ಸೋಡಾ ಸುರಿದೆ. ಕಂಬಳಿ ಅದ್ದಿ, ಕೋಲಿನಲ್ಲಿ ತಿರುವಿ, ಒಗೆಯುವ ಕಲ್ಲಿಗೆ ಎತ್ತಿ ಎತ್ತಿ ಬಡಿದೆ. ಗಂಜಿ ಬಿಟ್ಟುಕೊಂಡು ಕಂದು ನೊರೆ ಬಂತು. ಕೊಳೆ ಎಷ್ಟಿತ್ತು ನೋಡು, ಹಳ್ಳಿಯವರು ಇದನ್ನು ಹಾಗೇ ಹಾಸುತ್ತಿದ್ದರಲ್ಲ ಅಂತ ಕನಿಕರಪಟ್ಟೆ. ನಾಲ್ಕು ತಲೆಮಾರು ಕುರಿಯ ಬೆನ್ನ ಹಿಂದೆ ನಡೆದ ವಂಶದಲ್ಲಿ ಹುಟ್ಟಿ, ಉಣ್ಣೆಗೆ ಬಿಸಿನೀರು ಹಾಕಬಾರದು ಅನ್ನುವಷ್ಟೂ ನನಗೆ ತಿಳಿದಿರಲಿಲ್ಲ. ತಿಳಿದವರನ್ನು ಕೇಳುವ ಬುದ್ಧಿಯೂ ಬರಲಿಲ್ಲ. ಅಂಥವರು ಯಾರೂ ಇಂಗ್ಲಿಷ್ ಬಲ್ಲವರಾಗಿರಲಿಲ್ಲವಲ್ಲ!

ಒಣಗಿದ ಮೇಲೆ ನೋಡುತ್ತೇನೆ, ಆರು ಮೊಳದ ಕಂಬಳಿ ನಾಲ್ಕು ಮೊಳಕ್ಕೆ ಇಳಿದಿದೆ. ಅಂಚು ಸೊಟ್ಟಗಾಗಿ, ಎಳೆಗೆ ಎಳೆ ಹೆಣೆದುಕೊಂಡು, ಬೆರಳು ದಪ್ಪ ಆಗಿದೆ. ನೂಲು ಎಲ್ಲಿದೆ ಅಂತ ಹುಡುಕಿದರೂ ಕಾಣದು. ಮೆತ್ತಗೇನೋ ಆಗಿತ್ತು. ವಿಶ್ವ ಬಂದು ನೋಡಿ, ಈ ಸಲ ನಗಲಿಲ್ಲ.

ಎಳೆದು ಸರಿಮಾಡಲು ಬರುತ್ತದೇನೋ ಅಂತ ಬಜಾರಿನಲ್ಲಿ ಗಾದಿ ಹೊಲಿಯುತ್ತಿದ್ದ ಖಾಸಿಂ ಸಾಹೇಬರ ಅಂಗಡಿಗೆ ಹೊತ್ತುಕೊಂಡು ಹೋದೆ. ಹತ್ತಿ, ಉಣ್ಣೆ ಎರಡನ್ನೂ ಬಿಲ್ಲಿನಲ್ಲಿ ಹಿಂಜುವ ಹಳೆಯ ಮನೆತನ ಅವರದು. ಅವರು ಕಂಬಳಿಯನ್ನು ಬಿಡಿಸಿ ನೋಡಿದವರೇ ಸೂಜಿ ಕೆಳಗಿಟ್ಟರು.

"ಬಿಸಿನೀರಾಗೆ ಹಾಕ್ದೆ ಏನಪ್ಪ?"

"ಹೂಂ ಸಾಹೇಬ್ರೆ. ಎಳೆದ್ರೆ ಸರಿಹೋಗಲ್ವಾ?"

"ಬೆಂದಿದ್ದು ಬೇಯದಂಗೆ ಆಗ್ತದೇನು? ಇದು ಮುಗೀತು." ಅವರು ಕಂಬಳಿಯ ಒಂದು ಮೂಲೆಯಲ್ಲಿ, ನೀರು ಸರಿಯಾಗಿ ತಾಗದೆ ಉಳಿದಿದ್ದ ಗೇಣಗಲ ಜಾಗವನ್ನು ಹೆಬ್ಬೆರಳಿನಲ್ಲಿ ಉಜ್ಜುತ್ತಾ ಕೂತರು. "ಯಾವೂರ ನೂಲು ಇದು?"

"ಶ್ರೀರಾಂಪುರದ ಹತ್ರ. ನಮ್ಮಜ್ಜೀದು."

"ಈರಮ್ಮಂದು?" ಸಾಹೇಬರು ತಲೆ ಎತ್ತಿ ನನ್ನನ್ನು ನೋಡಿದರು. "ನಮ್ ಅಬ್ಬಾ ಜತೆ ಬಿಲ್ಲು ಹೊತ್ಕಂಡು ಆ ಕಡೆ ತುಪ್ಪಟ ಹಿಂಜಾಕೆ ಬರ್ತಿದ್ವಿ. ಆಯಮ್ಮನ ನೂಲು ಅಂದ್ರೆ ಮಗ್ಗದೋರು ಬಾಗಿಲಾಗೆ ಕಾಯ್ತಾ ಕುಂತಿರೋರು. ನೀನು ಆಕೆ ಮೊಮ್ಮಗನಾ? ಓದ್ತೀಯ ಅಲ್ಲ?"

"ಹೌದು, ಬಿ.ಎ."

"ಓದು, ಓದು" ಎಂದು ಕಂಬಳಿಯನ್ನು ಮಡಿಸಿ ನನ್ನ ತೊಡೆಯ ಮೇಲಿಟ್ಟು ಸೂಜಿ ಎತ್ತಿಕೊಂಡರು. ನನ್ನ ಜನ್ಮದಲ್ಲಿ ನನಗೆ ಯಾರೂ ಅಷ್ಟು ತೆಳ್ಳಗೆ ಉಗಿದಿಲ್ಲ.

ಹೊಳಲ್ಕೆರೆಯ ಮೇಲೆ ಹೊಸದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಸುಳ್ಳು ಕಟ್ಟಿದೆ. ಹಾಸ್ಟೆಲಿನಲ್ಲಿ ಕಳುವಾಯಿತು ಎನ್ನಲೇ? ಮಾವನೇ ಹೀಗೆ ನೇಯ್ದ ಎನ್ನಲೇ? ಆ ಎರಡನೆಯದು ನನಗೆ ಬಹಳ ಹಿಡಿಸಿತ್ತು ಅಂತ ಹೇಳಲು ಈಗ ನಾಚಿಕೆಯಾಗುತ್ತದೆ. ಮನೆಗೆ ಹೋದಾಗ ಅಜ್ಜಿ ಒಬ್ಬಳೇ ಜಗಲಿಯಲ್ಲಿದ್ದಳು, ಉಳಿದವರು ಚಪ್ಪರದ ಕೆಲಸದಲ್ಲಿದ್ದರು. "ಕಂಬಳಿ ತಂದ್ಯಾ? ಕೊಡಿಲ್ಲಿ" ಎಂದು ಕೈಚಾಚಿದಳು. ಕೊಟ್ಟೆ. ಕಣ್ಣು ಕಾಣದ ಆ ಮುದುಕಿ ಅಂಚು ಹಿಡಿದು ಮೊಳ ಹಾಕಿದಳು. ನಾಲ್ಕಕ್ಕೆ ಕೈ ನಿಂತಿತು. ಇನ್ನೊಮ್ಮೆ ಮೊದಲಿನಿಂದ ಹಾಕಿದಳು. ಆಮೇಲೆ ಎಳೆ ಹುಡುಕುತ್ತಾ ಬೆರಳಾಡಿಸಿದಳು, ಬಹಳ ಹೊತ್ತು ಆಡಿಸಿದಳು.

"ನೀರು ಕಾಸಿದ್ಯಾ?"

"ಹೂಂ."

"ಕಲ್ಲಿಗೆ ಬಡಿದ್ಯಾ?"

"ಹೂಂ."

"ಯಾಕಪ್ಪ?"

"ನೈಸಾಗ್ಲಿ ಅಂತ. ಮೆತ್ತಗೆ ಇರ್ಲಿ ಅಂತ ಅಜ್ಜೀ. ನಮ್ ಮೇಷ್ಟ್ರು ಬರ್ತಾರೆ, ಅದಕ್ಕೆ."

"ಮೆತ್ತಗಿದ್ರೆ ಅದು ಮಳೆ ತಡೀತದೇನ್ಲ" ಎಂದಳು. ಅಷ್ಟೇ. ಬಯ್ಯಲಿಲ್ಲ. ಕಂಬಳಿಯನ್ನು ಮಡಿಸಿ ಮಡಿಲಲ್ಲಿಟ್ಟುಕೊಂಡಳು. ಆಮೇಲೆ, "ಇದನ್ನ ಯಾರ ಮುಂದೂ ಬಿಚ್ಚಬ್ಯಾಡ. ನಿಮ್ಮಪ್ಪ ಕಂಡ್ರೆ ನಿನ್ನ ಓದು ಬಿಡಿಸ್ತಾನೆ" ಎಂದಳು. ಆ ಮಾತು ಸುಳ್ಳಲ್ಲ. ಕಾಲೇಜಿಗೆ ಹೋದವನು ಮನೆಯ ಕೆಲಸಕ್ಕೆ ಬಾರದವನಾಗುತ್ತಾನೆ ಅಂತ ಅಪ್ಪ ಮೊದಲಿನಿಂದ ಹೇಳುತ್ತಲೇ ಇದ್ದ. ನನ್ನನ್ನು ಕಳಿಸಲೇಬೇಕು ಅಂತ ಹಟ ಹಿಡಿದವಳು ಅಜ್ಜಿ.

ಮದುವೆಯ ದಿನ ಬೆಳಿಗ್ಗೆ ಚಪ್ಪರದ ತುಂಬ ಜನ. ನೈಸ್ ಸಾರ್ ಬರಲಿಲ್ಲ, ಅವರಿಗೆ ನೆನಪಿತ್ತೋ ಇಲ್ಲವೋ ದೇವರೇ ಬಲ್ಲ. ಗದ್ದಿಗೆ ಹಾಸುವ ಹೊತ್ತಿಗೆ ಅಜ್ಜಿ ಪಕ್ಕದ ಮನೆಯಿಂದ ತರಿಸಿಟ್ಟಿದ್ದ ಕಂಬಳಿಯನ್ನು ಕೊಟ್ಟಳು. ಗಂಡಿನ ತಾತ ಅದನ್ನು ಕೈಯಲ್ಲಿ ಹಿಡಿದ ಕೂಡಲೇ ಹುಬ್ಬು ಗಂಟಿಕ್ಕಿದರು. ಅವರೂ ಕುರಿಯವರೇ, ನೂಲು ಬಲ್ಲವರು.

"ಇದು ನಿನ್ ನೂಲಲ್ಲ ಕಣಮ್ಮಾ ಈರಮ್ಮ. ನಿನ್ ಕಂಬಳಿ ಮ್ಯಾಲೆ ಹುಡುಗನ್ನ ಕುಂದ್ರಿಸ್ತೀವಿ ಅಂತ ಊರಿಗೆಲ್ಲ ಹೇಳ್ಕಂಡ್ ಬಂದೀವಿ. ಎಲ್ಲೈತೆ ಅದು?"

ಅಪ್ಪ ಗಾಬರಿಯಿಂದ ಅಜ್ಜಿಯ ಕಡೆ ತಿರುಗಿದ. ಅವನಿಗೂ ಗೊತ್ತಿರಲಿಲ್ಲ.

"ನಾನೇ ಕೆಡಿಸ್ದೆ ಕಣಪ್ಪಾ" ಎಂದಳು ಅಜ್ಜಿ. "ಕಣ್ಣು ಕಾಣಾಕಿಲ್ಲ, ಬುದ್ಧಿನೂ ಮೊದಲಿನಂಗಿಲ್ಲ. ಧೂಳು ಹತ್ತೈತೆ ಅಂತ ಬಿಸಿನೀರಾಗೆ ಅದ್ಬಿಟ್ಟೆ."

ಹೆಂಗಸರ ಗುಂಪಿನಿಂದ ಯಾರೋ "ಅಯ್ಯೋ ಈರಮ್ಮಾ" ಎಂದರು. ಯಾರೋ ಕಿಸಕ್ಕನೆ ನಕ್ಕರು. ಕಂಬಳಿಗೆ ಬಿಸಿನೀರು ಹಾಕಿದ ನೂಲುಗಾರ್ತಿ! ತಾತ ನಂಬಲಿಲ್ಲ. ಅವರು ಸುತ್ತ ನೋಡಿ, ಅಜ್ಜಿಯ ಪಕ್ಕದಲ್ಲೇ ಪ್ಯಾಂಟು ತೊಟ್ಟು ನಿಂತಿದ್ದ ನನ್ನ ಮೇಲೆ ಕಣ್ಣಿಟ್ಟರು. "ಏನಪ್ಪಾ, ನೀನು ಓದ್ದೋನು, ನೀನು ಹೇಳು. ನಿಮ್ಮಜ್ಜಿ ಅನ್ನೋದು ದಿಟವಾ?"

ಒಂದು ಮಾತು ಸಾಕಿತ್ತು. ಅಜ್ಜಿಯ ಕೈ ನನ್ನ ತೋಳಿನ ಮೇಲಿತ್ತು, ಗಟ್ಟಿಯಾಗಿ ಹಿಡಿದಿದ್ದಳು. ಅವಳು ತಡೆದಳು, ಅದಕ್ಕೇ ಸುಮ್ಮನಾದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಅವಳು ಹಿಡಿಯದೇ ಇದ್ದಿದ್ದರೂ ನಾನು ಹೇಳುತ್ತಿರಲಿಲ್ಲ. ಕಾಲೇಜು ಹೋಗುತ್ತದೆ ಅನ್ನುವ ಭಯ ಒಂದು, ಅಷ್ಟು ಜನರ ಎದುರು ಪೆದ್ದನಾಗುತ್ತೇನೆ ಅನ್ನುವ ಭಯ ಇನ್ನೊಂದು. ಎರಡನೆಯದೇ ದೊಡ್ಡದಾಗಿತ್ತು.

"ಹೌದು" ಎಂದೆ.

ಮದುವೆ ಆಯಿತು. ಅಕ್ಕ ಹಿರಿಯೂರಿಗೆ ಹೋದಳು, ಸುಖವಾಗಿದ್ದಾಳೆ. ನಾನು ಓದು ಮುಗಿಸಿದೆ, ಕೆಲಸ ಹಿಡಿದೆ. ಅಜ್ಜಿ ಮಾರನೆಯ ವರ್ಷ ತೀರಿಕೊಂಡಳು. ನನ್ನ ಹತ್ತಿರ ಆ ವಿಷಯ ಒಮ್ಮೆಯೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಎತ್ತುವುದಕ್ಕೆ ನನಗೆ ಬಾಯಿ ಎಲ್ಲಿತ್ತು?

ಈಗಲೂ ಶ್ರೀರಾಂಪುರದ ಕಡೆ ಹೋದರೆ ಅರಳಿಕಟ್ಟೆಯ ಮೇಲೆ ಕೂತ ಹಳಬರು, "ಬರ್ರಿ, ಕುಂತ್ಕಳ್ರಿ" ಎಂದು ಜಾಗ ಕೊಡುತ್ತಾರೆ. ಊರ ಹಳೆಯ ಮಾತು ಬರುತ್ತದೆ, ಕಂಬಳಿಯ ಮಾತೂ ಬರುತ್ತದೆ. "ನಿಮ್ಮಜ್ಜಿ ಒಳ್ಳೆ ನೂಲುಗಾರ್ತಿ ಬಿಡ್ರಿ, ಕಡೆಗಾಲದಾಗೆ ಬುದ್ಧಿ ಕೆಟ್ಟು ಮೊಮ್ಮಗಳ ಗದ್ದಿಗೆ ಕಂಬಳೀನೇ ಬೇಯಿಸ್ಬಿಟ್ಲು" ಎನ್ನುತ್ತಾರೆ. ಎಲ್ಲರೂ ನಗುತ್ತಾರೆ, ಅವಳನ್ನು ನೋಡಿಯೇ ಇರದ ಎಳೆಯರೂ ನಗುತ್ತಾರೆ. ಅವಳ ಹೆಸರಿನಲ್ಲಿ ಉಳಿದಿರುವುದು ಈಗ ಅದೊಂದೇ. ಇಷ್ಟು ವರ್ಷ ನಾನೂ ಅವರ ಜೊತೆ ಸಣ್ಣಗೆ ನಕ್ಕು ಎದ್ದು ಬಂದಿದ್ದೇನೆ. ಆ ಕಡೆಯವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಕಟ್ಟೆಯ ಮೇಲೆ ಹೇಳಿ: ಈರಜ್ಜಿಯ ಬುದ್ಧಿ ಕಡೆಯವರೆಗೂ ನೆಟ್ಟಗಿತ್ತು, ನೀರು ಕಾಯಿಸಿದವನು ನಾನು.